ಕುಲಾವಿಗೆ ಮುಂಚೆ ಪುಸ್ತಕ



ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುವುದು ಹಿರಿಯರ ಮಾತು. ಆತುರಗಾರರನ್ನು ಗೇಲಿ ಮಾಡುವುದಕ್ಕೆ ಈ ಗಾದೆಯನ್ನು ಬಳಸುತ್ತೇವೆ, ನಿಜ. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಇದನ್ನು ಇವತ್ತಿಗೂ ಅಕ್ಷರಶಃ ಪಾಲಿಸುತ್ತಾರೆ. ಬಸುರಿ ಇರುವ ಮನೆಗೆ ಮಗುವಿನ ಹೊಸ ಅಂಗಿ ಬರುವುದಿಲ್ಲ, ತೊಟ್ಟಿಲು ಬರುವುದಿಲ್ಲ. ಹುಟ್ಟಿದ ಮಗುವಿಗೆ ಮೊದಲು ಹೊದಿಸುವುದು ಅಜ್ಜಿಯ ಸವೆದ ಸೀರೆಯ ತುಂಡು, ತೊಡಿಸುವುದು ಇನ್ಯಾವುದೋ ಮಗು ತೊಟ್ಟು ಬಿಟ್ಟ ಮೆತ್ತನೆಯ ಅಂಗಿ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವವರು ಒಂದು ಅಂಕಿಯನ್ನು ನೆನೆಯಬೇಕು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 129 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿಯಿತು. ಖಾಲಿ ತೊಟ್ಟಿಲನ್ನು ಮತ್ತೆ ಅಟ್ಟಕ್ಕೆ ಏರಿಸಿದ ನೋವು ಗೊತ್ತಿದ್ದವರು ಮಾಡಿಕೊಂಡ ಕಟ್ಟಳೆ ಅದು.

ಹೀಗಿರುವಾಗ ಬೆಂಗಳೂರಿನ ಪರಿಚಿತರ ಮನೆಯೊಂದರಲ್ಲಿ ಸೀಮಂತದ ಕರೆಯೋಲೆಯ ಕೆಳಗೆ ಒಂದು ಸಾಲು ಸೇರಿಸಿದರು: ಉಡುಗೊರೆ ಬೇಡ, ಬರಲಿರುವ ಮಗುವಿಗೆ ಒಂದು ಪುಸ್ತಕ ತನ್ನಿ. ಚೊಚ್ಚಲ ಬಸುರಿ, ಗಂಡ ಹೆಂಡತಿ ಇಬ್ಬರೂ ಓದಿದವರು, ಹುಮ್ಮಸ್ಸಿನವರು. ಹುಡುಗಿಯ ಅಜ್ಜಿ ಮಾತ್ರ ಮುಖ ಸಿಂಡರಿಸಿದರು. "ಕೂಸೇ ಬಂದಿಲ್ಲ, ಪುಸ್ತಕ ಯಾಕೆ ಕಣೇ?" ಮೊಮ್ಮಗಳು ಜಾಣೆ. "ಅಜ್ಜಿ, ಅಂಗಿಯಾದರೆ ಅಳತೆ ಬೇಕು, ಪುಸ್ತಕಕ್ಕೆ ಅಳತೆ ಬೇಡವಲ್ಲ" ಎಂದಳು. ಅಜ್ಜಿ ಒಪ್ಪಿದರೋ ಇಲ್ಲವೋ, ಮುಂದೆ ಮಾತಾಡಲಿಲ್ಲ. ನನಗಂತೂ ಆ ಉತ್ತರ ಹಿಡಿಸಿತು. ಪುಸ್ತಕ ಇಂಥದೇ ಮಗುವಿನ ಮೈಗೆ ಹೊಲಿಸಿದ್ದಲ್ಲ. ಈ ಮನೆಯಲ್ಲಿ ಓದದಿದ್ದರೆ ಪಕ್ಕದ ಮನೆಯಲ್ಲಿ, ಈ ವರ್ಷ ಅಲ್ಲದಿದ್ದರೆ ಐದು ವರ್ಷದ ಮೇಲೆ, ಯಾವುದೋ ಒಂದು ಮಗುವಿನ ಕೈಗೆ ಅದು ಸಲ್ಲುತ್ತದೆ.

ಆವತ್ತು ಬಂದ ಪುಸ್ತಕಗಳ ರಾಶಿ ನೋಡಬೇಕಿತ್ತು. ಇಂಗ್ಲಿಷ್ ವರ್ಣಮಾಲೆಯದೇ ನಾಲ್ಕೈದು. ಪ್ರಾಣಿಗಳ ಹೆಸರು, ಹಣ್ಣುಗಳ ಹೆಸರು, ಅದೂ ಇಂಗ್ಲಿಷಿನಲ್ಲಿ. ಮಗುವಿನ ಬುದ್ಧಿ ಚುರುಕಾಗುತ್ತದೆ ಎಂದು ರಟ್ಟಿನ ಮೇಲೇ ಬರೆದುಕೊಂಡ ಚೀಟಿಗಳ ಪೆಟ್ಟಿಗೆ. ಎತ್ತುವುದಕ್ಕೇ ಕಷ್ಟವಾಗುವಷ್ಟು ದಪ್ಪದ ಒಂದು ವಿಶ್ವಕೋಶ. ಕನ್ನಡದವು ಬೆರಳೆಣಿಕೆಯಷ್ಟು. ಕೊನೆಗೆ ಧಾರವಾಡದ ಕಡೆಯಿಂದ ಬಂದಿದ್ದ ಸೋದರತ್ತೆ ಚೀಲದಿಂದ ತೆಗೆದದ್ದು ಒಂದು ನೋಟ್ ಪುಸ್ತಕ. ಅದರ ತುಂಬ ಕೈಬರಹದಲ್ಲಿ ಜೋಗುಳದ ಹಾಡುಗಳು. "ಅಂಗಡ್ಯಾಗ ಏನ್ ತಗೋಬೇಕೋ ಗೊತ್ತಾಗ್ಲಿಲ್ಲವಾ, ನಮ್ಮವ್ವನ ಹಾಡು ಬರಕೊಂಡು ಬಂದೆ" ಎಂದರು. ಹಿಂದಿನ ತಲೆಮಾರಿನ ಹೆಂಗಸರ ಬಳಿ ಇಂಥ ಹಾಡಿನ ಪುಸ್ತಕಗಳಿರುತ್ತಿದ್ದವು, ನಿಮ್ಮಲ್ಲಿ ಕೆಲವರ ಮನೆಯಲ್ಲಿ ಈಗಲೂ ಇರಬಹುದು. ಅಕ್ಷರವೇ ಬಾರದ ತಾಯಂದಿರ ಬಾಯಲ್ಲಿದ್ದ ತ್ರಿಪದಿಗಳನ್ನು ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಅಚ್ಚು ಹಾಕಿಸಿದರು. ಅದರಲ್ಲಿ ತೊಟ್ಟಿಲು ತೂಗುವವಳ ಹಾಡುಗಳೂ ಇವೆ.

ಹೊಟ್ಟೆಯಲ್ಲಿರುವ ಮಗುವಿಗೆ ಏನು ಕೇಳಿಸುತ್ತದೆ? ಈ ಪ್ರಶ್ನೆ ನಮ್ಮವರಿಗೆ ಹೊಸದಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಕೇಳಿ ಕಲಿತ ಅಭಿಮನ್ಯುವಿನ ಕಥೆ ನಿಮಗೆ ಗೊತ್ತು, ಅದನ್ನು ಮತ್ತೆ ಹೇಳುವುದಿಲ್ಲ. ಆಶ್ವಲಾಯನ ಗೃಹ್ಯಸೂತ್ರದಲ್ಲಿ ಸೀಮಂತದ ವಿಧಿಗಳ ನಡುವೆ ಒಂದು ಸೊಗಸಾದ ಅಂಶವಿದೆ. ವೀಣೆ ನುಡಿಸುವ ಇಬ್ಬರನ್ನು ಕರೆಸಿ, ಸೋಮರಾಜನನ್ನು ಕುರಿತು ಹಾಡಿ ಎನ್ನಬೇಕಂತೆ. ಈಗಿನ ಸೀಮಂತಗಳಲ್ಲಿ ಬಳೆ, ಮಡಿಲಕ್ಕಿ, ಫೋಟೊ ಎಲ್ಲ ಉಳಿದಿವೆ. ವೀಣೆಯವರು ಮಾತ್ರ ಕಾಣೆ.

ವಿಜ್ಞಾನಿಗಳು ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಆಂಥನಿ ಡಿಕ್ಯಾಸ್ಪರ್ ಮತ್ತು ಮೆಲನಿ ಸ್ಪೆನ್ಸ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಅಧ್ಯಯನ ಹೆಸರಾಂತದ್ದು. ಹೆರಿಗೆಗೆ ಆರು ವಾರ ಇದೆ ಎನ್ನುವಾಗಿನಿಂದ ತಾಯಂದಿರು ಮಕ್ಕಳ ಕಥೆಯ ಒಂದೇ ಭಾಗವನ್ನು ದಿನಕ್ಕೆ ಎರಡು ಸಲ ಗಟ್ಟಿಯಾಗಿ ಓದಿದರು. ಹುಟ್ಟಿದ ಮೇಲೆ ಆ ಶಿಶುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟು, ಕಿವಿಗೆ ಓದಿನ ಧ್ವನಿ ಕೇಳಿಸಿದರು. ಚೀಪುವ ಲಯ ಬದಲಾದರೆ ಕೇಳುವ ಭಾಗವೂ ಬದಲಾಗುವ ಏರ್ಪಾಡು. ಶಿಶುಗಳು ಹೊಸ ಕಥೆಗಿಂತ ಹೊಟ್ಟೆಯಲ್ಲಿದ್ದಾಗ ಕೇಳಿದ್ದ ಭಾಗವನ್ನೇ ಬಯಸಿದವು. ಬೇರೆ ಹೆಂಗಸು ಓದಿದ್ದರೂ ಅವಕ್ಕೆ ಗುರುತು ಹತ್ತಿತು.

ಇದನ್ನು ಕೇಳಿ ಹಿಗ್ಗುವ ಮುಂಚೆ ಸ್ವಲ್ಪ ತಾಳಿ. ಆ ಮಕ್ಕಳಿಗೆ ಗುರುತು ಸಿಕ್ಕಿದ್ದು ಓದಿನ ಲಯ, ಏರಿಳಿತ. ಕಥೆ ಅರ್ಥವಾಯಿತು ಎಂದಾಗಲಿ, ಅವರು ಮುಂದೆ ಬುದ್ಧಿವಂತರಾದರು ಎಂದಾಗಲಿ ಆ ಅಧ್ಯಯನ ಹೇಳಲಿಲ್ಲ. ಗರ್ಭಕ್ಕೆ ಗಣಿತ, ಗರ್ಭಕ್ಕೆ ಐದು ಭಾಷೆ ಎಂದು ಹಣ ವಸೂಲು ಮಾಡುವ ತರಗತಿಗಳನ್ನು ಕಂಡಾಗ ನನಗೆ ಸಿಟ್ಟು ಬರುತ್ತದೆ. ಹುಟ್ಟುವ ಮೊದಲೇ ಮಗುವನ್ನು ಪರೀಕ್ಷೆಗೆ ಕೂರಿಸುವ ಧಾವಂತ ಅದು. ಪುಸ್ತಕ ಕೂಡಿಸುವವರಲ್ಲೂ ಕೆಲವರಿಗೆ ಈ ಧಾವಂತವಿದೆ. ಮಗು ವಿಜ್ಞಾನಿಯಾಗಲಿ, ಕಲೆಕ್ಟರಾಗಲಿ ಎಂಬ ಆಸೆಯನ್ನೆಲ್ಲ ಕಪಾಟಿನಲ್ಲಿ ಸಾಲಾಗಿ ಜೋಡಿಸಿಡುತ್ತಾರೆ.

ಮನೆಯಲ್ಲಿ ಪುಸ್ತಕ ಇರುವುದರಿಂದ ಒಳಿತಿಲ್ಲವೇ ಎಂದು ನೀವು ಕೇಳಬಹುದು. ಇದೆ. ನೆವಾಡಾ ವಿಶ್ವವಿದ್ಯಾಲಯದ ಮರಿಯಾ ಎವಾನ್ಸ್ ಮತ್ತು ಸಂಗಡಿಗರು 27 ದೇಶಗಳ ಮಾಹಿತಿ ಕಲೆಹಾಕಿ 2010ರಲ್ಲಿ ಬರೆದರು: ಸುಮಾರು 500 ಪುಸ್ತಕಗಳಿರುವ ಮನೆಯಲ್ಲಿ ಬೆಳೆದ ಮಕ್ಕಳು, ಪುಸ್ತಕವೇ ಇಲ್ಲದ ಮನೆಯ ಮಕ್ಕಳಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಓದುತ್ತಾರೆ. ಅಪ್ಪ ಅಮ್ಮನ ಓದು, ಉದ್ಯೋಗದ ಲೆಕ್ಕ ಕಳೆದ ಮೇಲೂ ಈ ಅಂತರ ಉಳಿಯುತ್ತದೆ. ಆದರೆ ಆ ಮನೆಗಳಲ್ಲಿ ಪುಸ್ತಕ ಇದ್ದದ್ದು ಯಾರೋ ಓದುತ್ತಿದ್ದುದರಿಂದ. ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಬೀಗ ಹಾಕಿಟ್ಟ 500 ಪುಸ್ತಕಗಳಿಂದ ಯಾವ ಮಗುವೂ ಉದ್ಧಾರವಾಗಿಲ್ಲ.

ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ಮಗು ಬರುವ ಮುಂಚೆ ಪುಸ್ತಕ ಕೂಡಿಸುವುದು ಮಗುವಿಗಾಗಿ ಮಾಡುವ ಕೆಲಸಕ್ಕಿಂತ ಹೆಚ್ಚಾಗಿ ಅಪ್ಪ ಅಮ್ಮ ತಮಗೆ ತಾವೇ ಮಾಡಿಕೊಳ್ಳುವ ತಯಾರಿ. ಆ ಬೆಂಗಳೂರಿನ ಅಪ್ಪನಾಗುವವನನ್ನೇ ನೋಡಿ. ಹತ್ತನೇ ತರಗತಿಯ ಕನ್ನಡ ಪರೀಕ್ಷೆ ಬರೆದ ಮೇಲೆ ಕನ್ನಡ ಪುಸ್ತಕ ಮುಟ್ಟಿದವನಲ್ಲ. ಮಾತು ಅರಳು ಹುರಿದಂತೆ ಸಿಡಿಯುತ್ತದೆ, ಓದು ಮಾತ್ರ ಅಕ್ಷರ ಕೂಡಿಸಿಕೊಂಡು. ಇಂಥವರು ನಮ್ಮಲ್ಲಿ ಈಗ ಲಕ್ಷಗಟ್ಟಲೆ ಇದ್ದಾರೆ, ಅವರನ್ನು ಹಂಗಿಸಿ ಪ್ರಯೋಜನವಿಲ್ಲ. ಹೆಂಡತಿಗೆ ಏಳು ತಿಂಗಳು ಎನ್ನುವಾಗ ಒಂದು ಮಕ್ಕಳ ಕವಿತೆಯ ಪುಸ್ತಕ ಹಿಡಿದು ದಿನಾ ರಾತ್ರಿ ಎರಡು ಪುಟ ಗಟ್ಟಿಯಾಗಿ ಓದಿದರೆ ಹೆರಿಗೆಯ ಹೊತ್ತಿಗೆ ನಾಲಿಗೆ ತಿರುಗಿರುತ್ತದೆ. ಕೇಳುವುದಕ್ಕೆ ಹೆಂಡತಿ ಇದ್ದಾಳೆ, ಒಳಗೆ ಇನ್ನೊಬ್ಬರಿದ್ದಾರೆ. ತಪ್ಪು ಓದಿದರೆ ನಗುವವರೂ ಮನೆಯವರೇ.

ಓದುವುದಕ್ಕೆ ಏನಿದೆ ಎನ್ನುವವರು ಕನ್ನಡದ ಸಿರಿಯನ್ನು ಒಮ್ಮೆ ತಿರುಗಿ ನೋಡಬೇಕು. ನಮ್ಮ ದೊಡ್ಡ ಬರಹಗಾರರು ಮಕ್ಕಳಿಗೆ ಬರೆಯುವುದನ್ನು ಸಣ್ಣ ಕೆಲಸ ಎಂದುಕೊಳ್ಳಲಿಲ್ಲ. ಪಂಜೆ ಮಂಗೇಶರಾಯರು ಶಾಲಾ ಇನ್ಸ್‌ಪೆಕ್ಟರಾಗಿ ಊರೂರು ತಿರುಗುವಾಗ ಮಕ್ಕಳ ಕಿವಿಗೆ ಏನು ಹಿತ ಎಂದು ಹತ್ತಿರದಿಂದ ಕಂಡವರು. ಹಾವಿನ ಮೇಲೆ ಅವರು ಕಟ್ಟಿದ ಹಾಡು ಇಷ್ಟು ವರ್ಷಗಳಾದರೂ ಅಜ್ಜಿಯರ ಬಾಯಿಂದ ಬಿದ್ದಿಲ್ಲ. ಜಿ.ಪಿ. ರಾಜರತ್ನಂ ಹೆಂಡಗುಡುಕ ರತ್ನನ ಪದಗಳನ್ನು ಬರೆದ ಕೈಯಿಂದಲೇ 'ತುತ್ತೂರಿ'ಯನ್ನೂ ಬರೆದರು. ರಾಬರ್ಟ್ ಬ್ರೌನಿಂಗ್‌ನ ಹ್ಯಾಮೆಲಿನ್ ಊರಿನ ಕಥೆಯನ್ನು ಕುವೆಂಪು 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯಾಗಿ ಎಷ್ಟು ನಮ್ಮದಾಗಿಸಿದರೆಂದರೆ, ಮೂಲ ಜರ್ಮನಿಯದು ಎಂದರೆ ಮಕ್ಕಳು ನಂಬುವುದಿಲ್ಲ. ಇಲಿಗಳ ಪಟ್ಟಿ ಬರುವ ಭಾಗವನ್ನು ಮೆಲ್ಲಗೆ ಓದುವುದಕ್ಕೇ ಆಗುವುದಿಲ್ಲ, ಬಾಯಿ ತಾನಾಗಿ ಓಡುತ್ತದೆ. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು. ಇದು ಎದೆಹಾಲು ಕುಡಿಯುವ ಮಗುವಿಗಲ್ಲ, ಎಂಟು ಹತ್ತು ವರ್ಷದವರಿಗೆ. ಕಾಯುತ್ತಿರಲಿ ಬಿಡಿ.

ಚಿತ್ರದ ಪುಸ್ತಕ ಬೇಕಾದವರಿಗೆ 1957ರಲ್ಲಿ ಶುರುವಾದ ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯದ ಮಾಲೆ ಇದೆ. ಚೆನ್ನೈನ ತೂಲಿಕಾ ಪ್ರಕಾಶನದವರ ಕನ್ನಡ ಇಂಗ್ಲಿಷ್ ಎರಡೂ ಇರುವ ಪುಸ್ತಕಗಳಿವೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕಥೆಗಳನ್ನು ಕಾಸಿಲ್ಲದೆ ಓದಬಹುದು, ಇಳಿಸಿಕೊಂಡು ಮುದ್ರಿಸಬಹುದು. ದೂರದ ದುಬೈಯಲ್ಲಿರುವವರಿಗೂ ಅದು ಸಿಗುತ್ತದೆ. ಕಡಿಮೆ ಇರುವುದು ದಪ್ಪ ರಟ್ಟಿನ ಪುಸ್ತಕಗಳು. ಆರು ತಿಂಗಳ ಮಗು ಪುಸ್ತಕವನ್ನು ಮೊದಲು ಓದುವುದು ಬಾಯಿಯಿಂದ ತಾನೇ. ನಮ್ಮ ಪ್ರಕಾಶಕರು ಈ ಕಡೆ ಗಮನ ಕೊಡಬೇಕು.

ಮತ್ತೆ, ಎಲ್ಲವನ್ನೂ ಹೊಸದಾಗಿ ಕೊಳ್ಳಬೇಕೆಂದೇನಿಲ್ಲ. ಇನ್ನೊಂದು ಮಗುವಿನ ಹಳೆಯ ಅಂಗಿ ತೊಡಿಸುವ ನಾವು ಇನ್ನೊಂದು ಮಗುವಿನ ಹಳೆಯ ಪುಸ್ತಕ ತರುವುದಕ್ಕೆ ಯಾಕೆ ನಾಚಬೇಕು? ಅಕ್ಕನ ಮಕ್ಕಳು ಓದಿ ಬಿಟ್ಟದ್ದು, ಮೂಲೆ ಮಡಚಿದ್ದು, ಕ್ರೇಯಾನ್ ಗೀಚಿದ್ದು ಇದ್ದರೆ ಇನ್ನೂ ಒಳ್ಳೆಯದು. ಅವನ್ನು ಮಗು ಹರಿದರೂ ಯಾರೂ ಬೈಯುವುದಿಲ್ಲ. ಬೈಗುಳ ಬೀಳದ ಪುಸ್ತಕದ ಹತ್ತಿರ ಮಗು ಮತ್ತೆ ಬರುತ್ತದೆ. ಇನ್ನು, ಅವನ್ನು ಇಡುವುದು ನೆಲಕ್ಕೆ ಹತ್ತಿರವಾಗಿ, ಅಂಬೆಗಾಲಿಡುವ ಕೈಗೆ ಎಟಕುವ ಹಾಗೆ.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಶುರುವಾದ 'ಓದುವ ಬೆಳಕು' ಯೋಜನೆಯಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುತ್ತಾರೆ. ಬಹಳ ಒಳ್ಳೆಯ ಕೆಲಸ. ಆದರೆ ಅದು 6ರಿಂದ 18 ವರ್ಷದವರಿಗೆ. ಅದಕ್ಕೆ ಮುಂಚಿನ ಆರು ವರ್ಷ ಮಗುವಿನ ಗ್ರಂಥಾಲಯ ಎಂದರೆ ಮನೆಯೇ, ಗ್ರಂಥಪಾಲಕರು ಎಂದರೆ ಅಪ್ಪ, ಅಮ್ಮ, ಅಜ್ಜ, ಅಜ್ಜಿ.

ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಮುಂದೆ ಯಾರದಾದರೂ ಸೀಮಂತಕ್ಕೆ ಹೊರಟಾಗ ಕುಪ್ಪಸದ ಕಣದ ಜೊತೆ ಒಂದು ಕನ್ನಡದ ಮಕ್ಕಳ ಪುಸ್ತಕವನ್ನೂ ಒಯ್ಯಿರಿ. ಕೊಡುವ ಮುಂಚೆ ಮನೆಯಲ್ಲಿ ನೀವೇ ಅದನ್ನು ಗಟ್ಟಿಯಾಗಿ ಓದಿ ನೋಡಿ. ಓದುವಾಗ ನಿಮಗೇ ಆಕಳಿಕೆ ಬಂದರೆ ಅದನ್ನು ಬಿಡಿ, ಬೇರೊಂದು ಹುಡುಕಿ.