ರೆಡ್ ಲೈನ್ ಖರ್ಚು: ಕತ್ತರಿ ಎಲ್ಲಿ ಹಾಕಬೇಕು?

ಇವತ್ತು ಬೆಂಗಳೂರು ಮೆಟ್ರೋ ಲೆಕ್ಕದ ಬಗ್ಗೆ ಮಾತಾಡೋಣ.

ಸರ್ಜಾಪುರದಿಂದ ಹೆಬ್ಬಾಳಕ್ಕೆ ರೆಡ್ ಲೈನ್ ಬರುತ್ತೆ ಅಂತ ಕೇಳಿರ್ತೀರಿ. 2024ರ ಡಿಸೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಾಗ ಅಂದಾಜು ವೆಚ್ಚ 28,405 ಕೋಟಿ ರೂಪಾಯಿ, ಉದ್ದ 36.59 ಕಿಲೋಮೀಟರ್. ಭಾಗಿಸಿ ನೋಡಿ, ಕಿಲೋಮೀಟರಿಗೆ ಸುಮಾರು 776 ಕೋಟಿ! ವೆಚ್ಚವನ್ನ ಇನ್ನೊಮ್ಮೆ ಪರಿಶೀಲಿಸಿ ಅಂತ ಕೇಂದ್ರವೂ ಹೇಳ್ತು.

ಇಷ್ಟು ದುಬಾರಿ ಯಾಕೆ? ಈ ಮಾರ್ಗದಲ್ಲಿ 14 ಕಿಲೋಮೀಟರಿಗೂ ಹೆಚ್ಚು ನೆಲದಡಿ ಹೋಗುತ್ತೆ. ನಮಗೆಲ್ಲ ಸುರಂಗ ಕೊರೆಯೋ ಯಂತ್ರವೇ ಕಣ್ಣಿಗೆ ಬೀಳೋದು. ಆದರೆ ಹಣ ಜೋರಾಗಿ ಕರಗೋದು ಸ್ಟೇಷನ್‌ಗಳಲ್ಲಿ. ಬೆಂಗಳೂರಿನ ಗಟ್ಟಿ ಬಂಡೆ ಒಡೆದು ದೊಡ್ಡ ಹೊಂಡ ತೋಡಬೇಕು, ಗೋಡೆ ಕಟ್ಟಬೇಕು, ಮೇಲೆ ಮುಚ್ಚಬೇಕು. ಆರು ಬೋಗಿಯ ರೈಲು ಸುಮಾರು 130 ಮೀಟರ್ ಉದ್ದ. ಏಸಿ, ಗಾಳಿ ವ್ಯವಸ್ಥೆ, ವಿದ್ಯುತ್ ಕೊಠಡಿ ಎಲ್ಲವನ್ನೂ ನೆಲದಡಿಯೇ ತುರುಕಿದರೆ ಸ್ಟೇಷನ್ ಅದಕ್ಕಿಂತ ಎಷ್ಟೋ ಉದ್ದ ಆಗುತ್ತೆ. ಮೂಗಿಗಿಂತ ಮೂಗುತಿ ಭಾರ ಅಂದ ಹಾಗೆ.

ಉಳಿಸೋ ಜಾಗ ಇದೇ. ಸ್ಟೇಷನ್ ಚಿಕ್ಕದಿರಲಿ, ಆದಷ್ಟೂ ಆಳ ಕಮ್ಮಿ ಇರಲಿ, ಒಂದೇ ವಿನ್ಯಾಸ ಎಲ್ಲ ಕಡೆ ಬರಲಿ. ಸ್ಪೇನಿನ ಮ್ಯಾಡ್ರಿಡ್ 1995ರಿಂದ 2003ರೊಳಗೆ ನೂರು ಕಿಲೋಮೀಟರಿಗೂ ಹೆಚ್ಚು ಮೆಟ್ರೋ ಕಟ್ಟಿತು. ಅಲ್ಲಿ ಕೆಲಸದ ಹೊಣೆ ಹೊತ್ತಿದ್ದ ಎಂಜಿನಿಯರ್ ಮ್ಯಾನುಯೆಲ್ ಮೆಲಿಸ್ ಸರಳ ಸ್ಟೇಷನ್, ಚಿಕ್ಕ ತಂಡ, ಬೇಗ ನಿರ್ಧಾರ ಇವುಗಳ ಮೇಲೆ ನಂಬಿಕೆ ಇಟ್ಟಿದ್ದರು.

ಆದರೆ ಖರ್ಚು ಇಳಿಸೋಕೆ ಇನ್ನೊಂದು ದಾರಿ ಇದೆ, ನನಗೆ ಭಯ ಇರೋದು ಅದರದ್ದೇ. ಸ್ಟೇಷನ್‌ನ ಅಗ್ಗದ ಜಾಗಕ್ಕೆ ಸರಿಸೋದು. ಪಿಂಕ್ ಲೈನ್ ಯೋಜನೆ ಹಂತದಲ್ಲಿ ಕಂಟೋನ್ಮೆಂಟ್ ಸ್ಟೇಷನ್ನನ್ನ ರೈಲ್ವೆ ನಿಲ್ದಾಣದಿಂದ ಬಂಬೂ ಬಜಾರ್ ಕಡೆ ಸರಿಸೋ ವಿಚಾರ ಬಂದಾಗ ನಾಗರಿಕರು ಜೋರಾಗಿ ವಿರೋಧಿಸಿದ್ದು ಇದಕ್ಕೇ.

ಬಿಕಾಂನಲ್ಲಿ ಕಾಸ್ಟ್ ಅಕೌಂಟಿಂಗ್ ಓದಿದವನಾಗಿ ಹೇಳ್ತೀನಿ, ಖರ್ಚು ಕಮ್ಮಿ ಮಾಡೋದು ಬೇರೆ, ಖರ್ಚನ್ನ ಇನ್ನೊಬ್ಬರ ತಲೆಗೆ ಕಟ್ಟೋದು ಬೇರೆ. ರೆಡ್ ಲೈನ್ ಡೈರಿ ಸರ್ಕಲ್‌ನಲ್ಲಿ ಪಿಂಕ್ ಲೈನ್ ಜೊತೆ, ಕೆ.ಆರ್. ಸರ್ಕಲ್‌ನಲ್ಲಿ ಪರ್ಪಲ್ ಲೈನ್ ಜೊತೆ ಸೇರಬೇಕು. ಅಲ್ಲಿ ದಿನಕ್ಕೆ ಹತ್ತು ಸಾವಿರ ಜನ ತಲಾ ಎಂಟು ನಿಮಿಷ ಹೆಚ್ಚು ನಡೀತಾರೆ ಅಂದ್ಕೊಳ್ಳಿ. ದಿನಕ್ಕೆ 1,300 ಗಂಟೆ ಹೋಯ್ತು! ಇದು ಯಾವ ಬ್ಯಾಲೆನ್ಸ್ ಶೀಟಲ್ಲೂ ಬರಲ್ಲ. ವಯಸ್ಸಾದವರು, ಮಗು ಎತ್ಕೊಂಡವರು ಕೊನೆಗೆ ಆಟೋನೇ ಹಿಡೀತಾರೆ.

ಹಾಗಂತ ಖರ್ಚು ಎಷ್ಟಾದ್ರೂ ಆಗ್ಲಿ ಅನ್ನೋ ಹಾಗೂ ಇಲ್ಲ. ಮೆಟ್ರೋ ಕಟ್ಟೋ ಹಣದಲ್ಲಿ ದೊಡ್ಡ ಪಾಲು ಸಾಲದ್ದು. ಸಾಲದ ಬಿಸಿ ಟಿಕೆಟಿಗೂ ತಟ್ಟುತ್ತೆ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು ನಮ್ಮ ಜೇಬಿಗೆ ಚೆನ್ನಾಗಿ ನೆನಪಿದೆ.

ಹಾಗಾಗಿ ನನ್ನ ಮಾತು ಇಷ್ಟೇ. ಹೊಂಡದ ಗಾತ್ರಕ್ಕೆ ಕತ್ತರಿ ಹಾಕಿ, ಜನ ಲೈನ್ ಬದಲಿಸೋ ದಾರಿಗೆ ಹಾಕಬೇಡಿ. ಇಷ್ಟು ಕೋಟಿ ಉಳಿಸಿದ್ವಿ ಅಂತ ಯಾರಾದ್ರೂ ಹೇಳಿದಾಗ ನೀವು ಒಂದೇ ಪ್ರಶ್ನೆ ಕೇಳಿ: ಯಾವುದನ್ನ ತೆಗೆದು ಉಳಿಸಿದ್ರಿ?

ನೀವು ದಿನಾ ಲೈನ್ ಬದಲಿಸೋಕೆ ಎಷ್ಟು ನಿಮಿಷ ನಡೀತೀರಿ? ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೇಳಿಸ್ತೀನಿ. ಸಿಗೋಣ.