ಸಹಿಯೂ ಒಂದು ಕಾಯಕ

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ನಾನು ವಿದ್ವಾಂಸನಲ್ಲ. ಮೂವತ್ತು ವರ್ಷ ಬೇರೆಯವರ ಲೆಕ್ಕಪತ್ರ ತಪಾಸಣೆ ಮಾಡಿ ಹೊಟ್ಟೆ ಹೊರೆದವನು. 'ಕಾಯಕ ಮತ್ತು ಕಾನೂನು' ಕುರಿತು ಮಾತಾಡಬೇಕೆಂದು ಪೂಜ್ಯರು ಅಪ್ಪಣೆ ಕೊಟ್ಟಾಗ, ನನಗೆ ಗೊತ್ತಿರುವ ಒಂದೇ ಸಂಗತಿ ಹೇಳುತ್ತೇನೆ ಎಂದೆ. ಅದು ಸಹಿಯ ಸಂಗತಿ.

ಹೊಲದ ಪಂಪ್‌ಸೆಟ್ಟಿನ ವೈರು ಕದ್ದವನು ಸಿಕ್ಕಿಬಿದ್ದರೆ ನಮ್ಮ ಜನ ಕಂಬಕ್ಕೆ ಕಟ್ಟುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಕೋಟಿ ಕದ್ದವನಿಗೆ ಅದೇ ಜನ ಶಾಲು ಹೊದಿಸಿ ಹಾರ ಹಾಕುತ್ತಾರೆ. ಈ ಎರಡನೆಯ ಕಳ್ಳತನಕ್ಕೆ 1939ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್‌ಲ್ಯಾಂಡ್ 'ಬಿಳಿ ಕಾಲರಿನ ಅಪರಾಧ' ಎಂದು ಹೆಸರಿಟ್ಟರು. ಮರ್ಯಾದಸ್ಥರು ತಮ್ಮ ಹುದ್ದೆಯಲ್ಲಿ ಕುಳಿತು, ಜನ ತಮ್ಮ ಮೇಲಿಟ್ಟ ನಂಬಿಕೆಯನ್ನೇ ಬಳಸಿಕೊಂಡು ಮಾಡುವ ಅಪರಾಧವಿದು.

ನಮ್ಮ ದೇಶದಲ್ಲಿ ಇದಕ್ಕೆ ದೊಡ್ಡ ಉದಾಹರಣೆ ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಆಡಳಿತ ಮಂಡಳಿಗೆ ಪತ್ರ ಬರೆದು ತಪ್ಪೊಪ್ಪಿಕೊಂಡರು. ಲೆಕ್ಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕು 5,361 ಕೋಟಿ ರೂಪಾಯಿ. ಅದರಲ್ಲಿ 5,040 ಕೋಟಿ ಇರಲೇ ಇಲ್ಲ. ವರ್ಷ ವರ್ಷವೂ ಲಾಭವನ್ನು ಹಿಗ್ಗಿಸಿ ತೋರಿಸುತ್ತ ಬಂದು, ಕೊನೆಗೆ ಹುಲಿಯ ಬೆನ್ನೇರಿದವನಂತೆ ಇಳಿಯುವ ದಾರಿ ತಿಳಿಯದಾಯಿತು ಎಂಬ ಅರ್ಥದಲ್ಲಿ ಅವರೇ ಬರೆದುಕೊಂಡರು. ಅಂದು ಒಂದೇ ದಿನ ಕಂಪನಿಯ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು.

ಆಗ ಆಡಿಟರುಗಳು ಏನು ಮಾಡುತ್ತಿದ್ದರು? ಬ್ಯಾಂಕಿನಲ್ಲಿ ಹಣ ಇದೆಯೋ ಇಲ್ಲವೋ ತಿಳಿಯಲು ಸರಳ ದಾರಿಯಿದೆ. ಆಡಿಟರು ತಾನೇ ಬ್ಯಾಂಕಿಗೆ ಪತ್ರ ಬರೆದು, ಉತ್ತರವನ್ನು ನೇರವಾಗಿ ತಾನೇ ಪಡೆಯಬೇಕು. ಸತ್ಯಂನಲ್ಲಿ ಕಂಪನಿಯ ಕಡೆಯಿಂದ ಬಂದ ಕಾಗದಗಳನ್ನೇ ನಂಬಲಾಗಿತ್ತು. ಅವು ಖೋಟಾ ಆಗಿದ್ದವು. 2015ರ ಏಪ್ರಿಲ್ 9ರಂದು ವಿಶೇಷ ನ್ಯಾಯಾಲಯ ಹತ್ತು ಜನರಿಗೆ ಏಳು ವರ್ಷದ ಶಿಕ್ಷೆ ವಿಧಿಸಿತು. ಆ ಹತ್ತರಲ್ಲಿ ಇಬ್ಬರು ಆಡಿಟರುಗಳು. ಮುಂದಿನ ತಿಂಗಳೇ ಮೇಲ್ಮನವಿಯಲ್ಲಿ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತೆಂಬುದನ್ನೂ ಹೇಳಬೇಕು.

ಕಾನೂನಿನ ದೃಷ್ಟಿಯಲ್ಲಿ ಕಂಪನಿಯೂ ಒಬ್ಬ ವ್ಯಕ್ತಿ. ಆದರೆ ಅದಕ್ಕೆ ದೇಹವಿಲ್ಲ, ಜೈಲಿಗೆ ಹಾಕಲಾಗದು. ಹಾಗೆಂದು ಬಿಟ್ಟುಬಿಡುವಂತಿಲ್ಲ, ದಂಡ ವಿಧಿಸಬಹುದು ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಸ್ಟ್ಯಾಂಡರ್ಡ್ ಚಾರ್ಟರ್ಡ್ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು. ಸತ್ಯಂ ಹಗರಣದ ನಂತರ ಬಂದ 2013ರ ಕಂಪನಿ ಕಾಯ್ದೆ, ಕಂಪನಿಯ ಹಿಂದಿರುವ ಮನುಷ್ಯರನ್ನು ಹಿಡಿಯಲು ಇನ್ನಷ್ಟು ಬಿಗಿಯಾಯಿತು. ಅದರ 447ನೇ ಕಲಮಿನಂತೆ ದೊಡ್ಡ ವಂಚನೆಗೆ 6 ತಿಂಗಳಿಂದ 10 ವರ್ಷದವರೆಗೆ ಸೆರೆವಾಸ. ಸಾರ್ವಜನಿಕ ಹಿತಕ್ಕೆ ಸಂಬಂಧಿಸಿದ್ದರೆ ಕನಿಷ್ಠ 3 ವರ್ಷ. ಜೊತೆಗೆ ವಂಚಿಸಿದ ಮೊತ್ತಕ್ಕೆ ಕಡಿಮೆಯಿಲ್ಲದಂತೆ, ಅದರ ಮೂರು ಪಟ್ಟಿನವರೆಗೂ ದಂಡ. ವಂಚನೆ ಕಂಡ ಆಡಿಟರು ಸುಮ್ಮನಿರುವಂತಿಲ್ಲ, ವರದಿ ಮಾಡಲೇಬೇಕು. ಷೇರುಪೇಟೆಯಲ್ಲಿರುವ ಕಂಪನಿ ಒಂದೇ ಆಡಿಟ್ ಸಂಸ್ಥೆಯನ್ನು ಸತತವಾಗಿ 10 ವರ್ಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ.

ಇದು ದೊಡ್ಡ ಊರಿನ ದೊಡ್ಡವರ ಕಥೆ ಎಂದುಕೊಳ್ಳಬೇಡಿ. ಈಗ ನನ್ನ ಕಥೆ ಹೇಳುತ್ತೇನೆ.

ವೃತ್ತಿಯ ಆರಂಭದಲ್ಲಿ ಒಂದು ಪತ್ತಿನ ಸಹಕಾರ ಸಂಘದ ಆಡಿಟ್ ನನಗೆ ಬಂದಿತ್ತು. ಅದರ ಕಾರ್ಯದರ್ಶಿ ನಮ್ಮ ತಂದೆಯವರ ಸ್ನೇಹಿತರು. ಸಂಘದ ಹಣ ಬ್ಯಾಂಕಿನಲ್ಲಿ ಠೇವಣಿಯಿದೆ ಎಂದು ರಸೀದಿಯ ಜೆರಾಕ್ಸ್ ಕೊಟ್ಟರು. ಹಿರಿಯರನ್ನು ಮೂಲ ರಸೀದಿ ಕೇಳಲು ನನಗೆ ಸಂಕೋಚವಾಯಿತು. ಬ್ಯಾಂಕಿಗೂ ಪತ್ರ ಬರೆಯಲಿಲ್ಲ. ಅವರು ತರಿಸಿದ ಚಹಾ ಕುಡಿದು ಸಹಿ ಮಾಡಿದೆ. ಎರಡು ವರ್ಷದ ನಂತರ ಗೊತ್ತಾಯಿತು, ಆ ಠೇವಣಿಯ ಮೇಲೆ ಮೊದಲೇ ಸಾಲ ಎತ್ತಿದ್ದರು. ಸಂಘ ಬಾಗಿಲು ಹಾಕಿತು.

ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡುತ್ತಿದ್ದ ಒಬ್ಬ ತಾಯಿ ಸಂಘದ ವರದಿ ಪುಸ್ತಕ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಬೈಯಲಿಲ್ಲ. "ಸಾಹೇಬ್ರ, ನನಗ ಓದಾಕ ಬರೂದಿಲ್ಲರಿ. ಇದರಾಗ ನಿಮ್ಮ ಸಹಿ ಐತಿ ಅಂತ ಮಗಳು ಹೇಳಿದ್ಲು. ಅದಕ್ಕ ಧೈರ್ಯ ಮಾಡಿ ರೊಕ್ಕ ಇಟ್ಟಿದ್ನಿರಿ" ಎಂದರು. ಮಗಳ ಮದುವೆಗೆಂದು ಕೂಡಿಟ್ಟ ಹಣ. ಅದು ಪೂರ್ತಿ ಮರಳಲೇ ಇಲ್ಲ.

ನನ್ನ ಮೇಲೆ ಯಾವ ಕೇಸೂ ಆಗಲಿಲ್ಲ. ನಾನೊಂದು ಪೈಸೆ ತಿಂದಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ನಿಜವೇ. ಆದರೆ ನೋಡದೆ 'ನೋಡಿದ್ದೇನೆ' ಎಂದು ಸಹಿ ಹಾಕಿದ್ದು ಸುಳ್ಳು. ಕಾಯಕದಲ್ಲಿ ನಾನು ಮಾಡಿದ ಕಳ್ಳತನ ಅದೇ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ತಾಯಿ ಹೇಳಿದ ಪ್ರಸಂಗ ನಿಮಗೆಲ್ಲ ಗೊತ್ತು. ನಾವು ಅದನ್ನು ದುರಾಸೆಯ ಪಾಠವೆಂದು ಹೇಳುತ್ತೇವೆ. ನನಗೆ ಅಲ್ಲಿ ಇನ್ನೊಂದು ಮಾತು ಕಾಣುತ್ತದೆ. ಲಕ್ಕಮ್ಮ ಲೆಕ್ಕ ಕೇಳಿದರು. ಗಂಡನಿಗೆ ಗೌರವ ಕಡಿಮೆಯಾಗುತ್ತದೆಂದು ಸುಮ್ಮನಾಗಲಿಲ್ಲ. ಲೆಕ್ಕ ಕೇಳುವುದು ಅವಮಾನವಲ್ಲ.

ನಿಮ್ಮ ಸಂಘದ ವಾರ್ಷಿಕ ಮಹಾಸಭೆಗೆ ಊಟಕ್ಕಷ್ಟೇ ಹೋಗಬೇಡಿ. ಎದ್ದು ನಿಂತು ಕೇಳಿ: ನಮ್ಮ ಹಣ ಯಾವ ಬ್ಯಾಂಕಿನಲ್ಲಿದೆ? ಅದರ ಮೇಲೆ ಸಾಲವಿದೆಯೇ? ನಿರ್ದೇಶಕರಿಗೂ ಅವರ ನೆಂಟರಿಗೂ ಕೊಟ್ಟ ಸಾಲ ಎಷ್ಟು? ಬ್ಯಾಂಕುಗಳ ಠೇವಣಿಗೆ, ನಗರ ಸಹಕಾರಿ ಬ್ಯಾಂಕುಗಳದ್ದೂ ಸೇರಿ, 2020ರಿಂದ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಪತ್ತಿನ ಸಹಕಾರ ಸಂಘದ ಠೇವಣಿಗೆ ಆ ವಿಮೆಯಿಲ್ಲ. ಬೋರ್ಡಿನ ಮೇಲೆ ದೇವರ ಹೆಸರಿದ್ದರೂ ಇಲ್ಲ, ಶರಣರ ಹೆಸರಿದ್ದರೂ ಇಲ್ಲ.

ಕೊನೆಯ ಮಾತನ್ನು ಪೂಜ್ಯರ ಕ್ಷಮೆ ಕೋರಿ ಹೇಳುತ್ತೇನೆ. ನಮ್ಮ ಮಠಗಳ ವೇದಿಕೆಗಳಲ್ಲಿ ದೊಡ್ಡ ದೇಣಿಗೆ ಕೊಟ್ಟವರಿಗೆ ಸನ್ಮಾನ ಮಾಡುತ್ತೇವೆ. ಆ ಹಾರ ನೋಡಿ ಹಳ್ಳಿಯ ಜನ ಅವರಲ್ಲಿ ಹಣ ಇಡುತ್ತಾರೆ. ಮಠದ ಹಾರವೂ ಒಂದು ಸಹಿಯೇ. ಹಾಕುವ ಮುಂಚೆ ಈ ಹಣ ಎಲ್ಲಿಂದ ಬಂತು ಎಂದು ಒಂದು ಸಲ ಕೇಳೋಣ. ಕಳಂಕದ ಗಳಿಕೆಯಿಂದ ದಾಸೋಹವಾಗದು.