ನಮ್ಮ ತಲೆಯೆಣಿಕೆಯ ಲೆಕ್ಕ ನಾವೇ ತೆಗೆದು ನೋಡೋಣ

(ಮಿಲ್ಲು ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಸ್ಥರ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



2001ರ ಜನಗಣತಿಯಲ್ಲಿ ಗುಲ್ಬರ್ಗಾ ಜಿಲ್ಲೆಯ ಜನಸಂಖ್ಯೆ 31,30,922. 2011ರ ಗಣತಿಯಲ್ಲಿ ಅದೇ ಹೆಸರಿನ ಜಿಲ್ಲೆಯ ಜನಸಂಖ್ಯೆ 25,66,326. ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಮಿಕ್ಕಿ ಜನ ಎಲ್ಲಿಗೆ ಹೋದರು? ಪ್ಲೇಗು ಬಂದಿತ್ತೆ? ಭೀಮೆ ಉಕ್ಕಿ ಊರು ಕೊಚ್ಚಿಕೊಂಡು ಹೋದವೆ? ಅಂಥದೇನೂ ಆಗಲಿಲ್ಲ. 2009ರ ಡಿಸೆಂಬರ್ ಕೊನೆಗೆ ಯಾದಗಿರಿ ಬೇರೆ ಜಿಲ್ಲೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಅದರ ಪಾಲಿಗೆ ಹೋದವು. 2011ರಲ್ಲಿ ಅಲ್ಲಿ ಎಣಿಸಿದ 11,74,271 ಜನರನ್ನು ಕೂಡಿಸಿ ನೋಡಿ, 37,40,597 ಆಗುತ್ತದೆ. ಅಂದರೆ ಹಳೆಯ ಗಡಿಯೊಳಗಿನ ಜನ ಆರು ಲಕ್ಷಕ್ಕೂ ಹೆಚ್ಚು ಬೆಳೆದಿದ್ದಾರೆ.

ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಯಾರಾದರೂ ವೇದಿಕೆ ಹತ್ತಿ, 'ನಿಮ್ಮ ಜಿಲ್ಲೆಯಲ್ಲಿ ಜನವೇ ಕಡಿಮೆಯಾಗಿದ್ದಾರೆ, ನಿಮಗೇಕೆ ಇಷ್ಟು ಅನುದಾನ' ಎಂದು ಕೇಳಿದರೆ ಉತ್ತರ ಕೊಡುವವರು ಯಾರು? ಅಂಕಿ ಸುಳ್ಳಲ್ಲ. ಅದನ್ನು ಓದುವ ರೀತಿ ಸುಳ್ಳು. ಆದುದರಿಂದ ಈ ಲೆಕ್ಕ ಎಲ್ಲಿ ಸಿಗುತ್ತದೆ, ಅದನ್ನು ಹೇಗೆ ಓದತಕ್ಕದ್ದು, ಎಲ್ಲಿ ಎಚ್ಚರ ಬೇಕು ಎಂಬುದನ್ನು ನನಗೆ ತಿಳಿದಮಟ್ಟಿಗೆ ಹೇಳುತ್ತೇನೆ.

ನಮ್ಮ ಹಿರಿಯರ ಕಾಲದಲ್ಲಿ ಇದಕ್ಕೆ ಖಾನೇಸುಮಾರಿ ಎನ್ನುತ್ತಿದ್ದರು, ಉರ್ದುವಿನಲ್ಲಿ ಮರ್ದುಮ್‌ಶುಮಾರಿ. 1881ರಿಂದ ಹತ್ತು ವರ್ಷಕ್ಕೊಮ್ಮೆ ದೇಶವೆಲ್ಲ ಒಂದೇ ಕಾಲಕ್ಕೆ ಎಣಿಸುವ ಪದ್ಧತಿ ಬಂದಿತು. ಈಗ ಇದು 1948ರ ಜನಗಣತಿ ಕಾಯ್ದೆಯಂತೆ, ಕೇಂದ್ರ ಗೃಹ ಖಾತೆಯ ಕೆಳಗಿರುವ ಮಹಾ ನೋಂದಣಾಧಿಕಾರಿಗಳ ಕಚೇರಿಯಿಂದ ನಡೆಯುತ್ತದೆ. ಆ ಕಚೇರಿಯ ತಾಣ ಸೆನ್ಸಸ್‌ಇಂಡಿಯಾ ಡಾಟ್ ಜಿಒವಿ ಡಾಟ್ ಇನ್. ಕಿಸೆಯಲ್ಲಿರುವ ಮೊಬೈಲಿನಲ್ಲೇ ತೆರೆಯಬಹುದು, ಕಾಸು ಕೊಡಬೇಕಾಗಿಲ್ಲ. ಹುಡುಕುವ ಡಬ್ಬಿಯಲ್ಲಿ ಊರ ಹೆಸರು ಹೊಡೆದರೆ ಮೊದಲು ಬರುವವು ಬಹುಮಟ್ಟಿಗೆ ಖಾಸಗಿ ತಾಣಗಳು. ಅವು ಇದೇ ಸರ್ಕಾರಿ ಲೆಕ್ಕವನ್ನು ಎತ್ತಿ ಹಾಕಿ, ಪಕ್ಕದಲ್ಲಿ ಜಾಹೀರಾತು ತುಂಬಿ, ಎಷ್ಟೋ ಸಲ 'ಈ ವರ್ಷದ ಜನಸಂಖ್ಯೆ' ಎಂದು ಗುಣಾಕಾರ ಮಾಡಿದ ಅಂದಾಜನ್ನೂ ಸೇರಿಸಿಬಿಡುತ್ತವೆ. ಅಂದಾಜು ಅಂದಾಜೇ. ತಹಸೀಲ್ದಾರರ ಮುಂದೆ ಇಡುವ ಅರ್ಜಿಯಲ್ಲಿ ಅದನ್ನು ಬರೆದರೆ ಅರ್ಜಿ ಬಿದ್ದುಹೋಗುತ್ತದೆ.

ಸರ್ಕಾರಿ ತಾಣದಲ್ಲಿ ನಿಮಗೆ ಬೇಕಾದ ಪುಸ್ತಕ ಒಂದೇ: ಜಿಲ್ಲಾ ಜನಗಣತಿ ಕೈಪಿಡಿ. 1951ರ ಗಣತಿಯಿಂದ ಈ ಕೈಪಿಡಿಗಳು ಬರಲಾರಂಭಿಸಿದವು. 2011ರದ್ದು ಎರಡು ಭಾಗವಾಗಿದೆ. ಮೊದಲ ಭಾಗದಲ್ಲಿ ಪ್ರತಿ ಊರಿಗೂ ಶಾಲೆ, ದವಾಖಾನೆ, ಕುಡಿಯುವ ನೀರು, ಅಂಚೆ, ರಸ್ತೆ, ಬಸ್ಸು ಇವೆಯೋ ಇಲ್ಲವೋ, ಇಲ್ಲದಿದ್ದರೆ ಎಷ್ಟು ದೂರ ಎಂದು ಬರೆದಿದ್ದಾರೆ. ಎರಡನೆಯ ಭಾಗದಲ್ಲಿ ಊರೂರಿನ ತಖ್ತೆ: ಮನೆತನಗಳೆಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು, ಆರು ವರ್ಷದೊಳಗಿನ ಮಕ್ಕಳೆಷ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರೆಷ್ಟು, ಓದುಬರಹ ಬಲ್ಲವರೆಷ್ಟು, ದುಡಿಯುವವರೆಷ್ಟು. ಪುಸ್ತಕವೆಲ್ಲ ಇಂಗ್ಲಿಷಿನಲ್ಲಿದೆ ಎಂಬುದು ನಾಚಿಕೆಗೇಡು. ಆದರೆ ಅಂಕಿ ಓದಲು ಇಂಗ್ಲಿಷ್ ಬೇಕಿಲ್ಲ. ಹೈಸ್ಕೂಲಿನ ಹುಡುಗನೊಬ್ಬನನ್ನು ಪಕ್ಕಕ್ಕೆ ಕೂಡಿಸಿಕೊಂಡರೆ ಕೆಲಸವಾಗುತ್ತದೆ.

ಹುಡುಕುವಾಗ ಒಂದು ಸಂಗತಿ ನೆನಪಿಡಿ. 'ಕಲಬುರಗಿ' ಎಂದು ಹುಡುಕಿದರೆ 2011ರ ಪುಸ್ತಕ ಸಿಗದೆ ಹೋಗಬಹುದು. ಹೆಸರು ಬದಲಾದದ್ದು 2014ರ ನವೆಂಬರ್ 1ರಂದು. ಗಣತಿಯ ಪುಸ್ತಕದಲ್ಲಿ ಇನ್ನೂ 'ಗುಲ್ಬರ್ಗಾ' ಎಂದೇ ಇದೆ. ಜೇವರ್ಗಿಯ ಇಂಗ್ಲಿಷ್ ಕಾಗುಣಿತ ಒಂದೊಂದು ಕಾಗದದಲ್ಲಿ ಒಂದೊಂದು ಬಗೆ. ಇನ್ನೂ ಹಿಂದಕ್ಕೆ ಹೋಗುವವರು ರಾಜ್ಯವನ್ನೂ ಬದಲಾಯಿಸಬೇಕು: 1951ರ ಆಳಂದವನ್ನು ಹೈದರಾಬಾದ್ ಸಂಪುಟಗಳಲ್ಲಿ, 1961 ಮತ್ತು 1971ರದ್ದನ್ನು ಮೈಸೂರಿನಲ್ಲಿ, 1981ರ ನಂತರದ್ದನ್ನು ಕರ್ನಾಟಕದಲ್ಲಿ ಹುಡುಕಬೇಕು. ಊರು ಕುಳಿತಲ್ಲೇ ಕುಳಿತಿದೆ, ಮೇಲಿನ ಬೋರ್ಡು ಮಾತ್ರ ಎರಡು ಸಲ ಬದಲಾಗಿದೆ.

ಗಡಿಯ ವಿಷಯವೂ ಹೀಗೆಯೇ. 2011ರ ಜೇವರ್ಗಿ ತಾಲ್ಲೂಕಿನ ಲೆಕ್ಕದಲ್ಲಿ ಯಡ್ರಾಮಿಯೂ ಸೇರಿದೆ, ಅದು ಬೇರೆ ತಾಲ್ಲೂಕಾದದ್ದು ಆಮೇಲೆ. ಮುಂದಿನ ಗಣತಿಯ ಅಂಕಿ ಬಂದಾಗ ಜೇವರ್ಗಿ ಸೊರಗಿದಂತೆ ಕಾಣಿಸೀತು. ಆಗ ಯಾರೂ ಗಾಬರಿಯಾಗಬೇಡಿ, ಯಡ್ರಾಮಿಯನ್ನು ಕೂಡಿಸಿಕೊಂಡು ಹೋಲಿಸಿರಿ. ಆಳಂದದವರಿಗೆ ಇನ್ನೊಂದು ತೊಡಕು. ಗಣತಿಯಲ್ಲಿ ಅವರು ಗುಲ್ಬರ್ಗಾ ಜಿಲ್ಲೆಯವರು, ಲೋಕಸಭೆಗೆ ಮಾತ್ರ ಬೀದರ ಕ್ಷೇತ್ರದವರು. ಜಿಲ್ಲೆಯ ತಖ್ತೆಯನ್ನು ಹಿಡಿದು ಲೋಕಸಭಾ ಕ್ಷೇತ್ರದ ಲೆಕ್ಕ ಮಾಡಲಾಗದು.

ಸಾಕ್ಷರತೆಯ ಪ್ರಮಾಣ ತೆಗೆಯುವಲ್ಲಿ ಓದುಬಲ್ಲವರೂ ಎಡವುತ್ತಾರೆ. ಒಂದು ಊರಿನಲ್ಲಿ ಸಾವಿರ ಜನ ಇದ್ದಾರೆ, ಓದುಬರಹ ಬಲ್ಲವರು 510 ಎಂದು ಇಟ್ಟುಕೊಳ್ಳಿ. ನೂರಕ್ಕೆ 51 ಎನ್ನುತ್ತೀರಿ. ಗಣತಿಯವರು ಏಳು ವರ್ಷ ತುಂಬಿದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಚಿಕ್ಕ ಮಕ್ಕಳು 150 ಇದ್ದರೆ ಅವರನ್ನು ಕಳೆದು 850ರಿಂದ ಭಾಗಿಸಬೇಕು. ಆಗ ನೂರಕ್ಕೆ 60 ಬರುತ್ತದೆ. ನಿಮ್ಮ ಊರನ್ನು ರಾಜ್ಯದ 75.36ರ ಜೊತೆ ಹೋಲಿಸುವ ಮುಂಚೆ ಈ ಕಳೆಯುವ ಲೆಕ್ಕ ಆಗಿರಬೇಕು.

ಇನ್ನು ದುಡಿಮೆಯ ಅಂಕಣಗಳಿಗೆ ಬರೋಣ. ಇಲ್ಲಿ ಕುಳಿತವರಿಗೆ ನೇರವಾಗಿ ಸಂಬಂಧಿಸಿದ್ದು ಇದು. 1961ರ ಗಣತಿಯಲ್ಲಿ ದುಡಿಯುವವರನ್ನು ಒಂಬತ್ತು ವರ್ಗ ಮಾಡಿದ್ದರು. ಮನೆಗೆಲಸದ ಕಸುಬಲ್ಲದ ಕಾರ್ಖಾನೆ ಕೆಲಸ ಐದನೆಯದು, ವ್ಯಾಪಾರ ಏಳನೆಯದು. ಆ ಕಾಲದ ಕೈಪಿಡಿ ತೆಗೆದರೆ ನಿಮ್ಮ ಊರಿನಲ್ಲಿ ಅಂಗಡಿಕಾರರು ಎಷ್ಟಿದ್ದರು ಎಂಬುದು ಬೇರೆಯಾಗಿ ಕಾಣುತ್ತದೆ. 2001 ಮತ್ತು 2011ರಲ್ಲಿ ಊರಿನ ತಖ್ತೆಗೆ ನಾಲ್ಕೇ ವರ್ಗ: ಒಕ್ಕಲುತನದವರು, ಕೃಷಿ ಕೂಲಿಯವರು, ಮನೆ ಕಸುಬಿನವರು, ಕೊನೆಗೆ 'ಇತರರು'. ತೊಗರಿ ಬೇಳೆ ಮಿಲ್ಲಿನ ಹಮಾಲ, ಕಿರಾಣಿ ಅಂಗಡಿಯವ, ಬಸ್ ಕಂಡಕ್ಟರ್, ಬ್ಯಾಂಕಿನ ಮ್ಯಾನೇಜರ್ ಎಲ್ಲರೂ ಆ ಒಂದೇ ಚೀಲದಲ್ಲಿ! ಜೋಳ, ತೊಗರಿ, ಕಡಲೆ, ಸಕ್ಕರೆಯನ್ನು ಒಂದೇ ಚೀಲಕ್ಕೆ ಸುರಿದು ತೂಕದ ಚೀಟಿ ಬರೆದಂತಾಯಿತು. ಬಿಡಿಸಿ ನೋಡಬೇಕಾದರೆ ಊರಿನ ತಖ್ತೆ ಬಿಟ್ಟು, 'ಬಿ' ಸರಣಿ ಎಂಬ ಆರ್ಥಿಕ ಕೋಷ್ಟಕಗಳಲ್ಲಿ ಜಿಲ್ಲೆಯ ಲೆಕ್ಕ ನೋಡಬೇಕು.

ಹೆಂಗಸರ ದುಡಿಮೆ ಇನ್ನೂ ಕೆಳಗೆ ಹೂತುಹೋಗುತ್ತದೆ. ಮನೆಯವರಿಗಾಗಿ ರೊಟ್ಟಿ ಬಡಿಯುವ ತಾಯಿ ಗಣತಿಯ ಪ್ರಕಾರ ದುಡಿಯದವಳು. ಅದೇ ರೊಟ್ಟಿ ಬಡಿದು ಖಾನಾವಳಿಗೆ ಮಾರಿದರೆ ದುಡಿಯುವವಳು. ವರ್ಷದಲ್ಲಿ ಆರು ತಿಂಗಳಿಗಿಂತ ಕಡಿಮೆ ಕೂಲಿ ಸಿಕ್ಕವರನ್ನು 'ಅಲ್ಪಾವಧಿ' ದುಡಿಮೆಗಾರರೆಂದು ಬೇರೆ ಅಂಕಣಕ್ಕೆ ಹಾಕುತ್ತಾರೆ. ಕಳೆ, ರಾಶಿಗೆ ಮಾತ್ರ ಕರೆ ಬರುವ ನಮ್ಮ ಅಕ್ಕಂದಿರನ್ನು ಆ ಅಂಕಣದಲ್ಲಿ ಹುಡುಕಿ. ಆ ಅಂಕಣ ದೊಡ್ಡದಾಗಿರುವ ಊರಿನಲ್ಲಿ ಕೆಲಸವಿಲ್ಲ ಎಂದೇ ಅರ್ಥ.

ತಾಂಡಾದವರಿಗೆ ಒಂದು ಮಾತು. ಗಣತಿಯಲ್ಲಿ 'ಊರು' ಎಂದರೆ ಕಂದಾಯ ಗ್ರಾಮ. ತಾಂಡಾ, ಹಟ್ಟಿ, ವಾಡಿಗಳ ಜನ ಮೂಲ ಗ್ರಾಮದ ಲೆಕ್ಕದೊಳಗೆ ಸೇರಿಹೋಗುತ್ತಾರೆ, ಅವರಿಗೆ ತಖ್ತೆಯಲ್ಲಿ ಒಂದು ಸಾಲೂ ಇಲ್ಲ. ಮುನ್ನೂರು ಜನರ ತಾಂಡಾಕ್ಕೆ ಶಾಲೆ ಬೇಕೆಂದು ಅರ್ಜಿ ಹಾಕಿದರೆ, ಮೂಲ ಗ್ರಾಮದಲ್ಲಿ ಶಾಲೆಯಿದೆಯಲ್ಲ ಎಂದು ಪುಸ್ತಕ ಹೇಳುತ್ತದೆ. ಕಲಬುರಗಿ, ಯಾದಗಿರಿ, ಬೀದರ, ರಾಯಚೂರು, ವಿಜಯಪುರ ಜಿಲ್ಲೆಗಳ ಸುಮಾರು 1,475 ಇಂಥ ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿಯವರು ಹಕ್ಕುಪತ್ರ ಹಂಚಿದರು. ಹಕ್ಕುಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಸಾಲದು. ನಿಮ್ಮ ತಾಂಡಾದ ಹೆಸರು ಗಣತಿಯ ಗ್ರಾಮಪಟ್ಟಿಯಲ್ಲಿ ಏರಿದೆಯೆ ಎಂದು ಕೇಳಿ ತಿಳಿಯಬೇಕು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದೇಕೆ ಎಂದು ಕೇಳುವವರುಂಟು. ರೇಷನ್ನಿಗಾಗಿ. 2013ರ ಆಹಾರ ಭದ್ರತಾ ಕಾಯ್ದೆಯಂತೆ ದೇಶದ ಹಳ್ಳಿಗರಲ್ಲಿ ನೂರಕ್ಕೆ 75, ಪಟ್ಟಣಿಗರಲ್ಲಿ ನೂರಕ್ಕೆ 50ರವರೆಗೆ ಧಾನ್ಯ ಕೊಡತಕ್ಕದ್ದು, ಆ ನೂರು ಎಷ್ಟು ಎಂಬುದನ್ನು ಪ್ರಕಟವಾದ ಗಣತಿಯಿಂದಲೇ ತೆಗೆಯತಕ್ಕದ್ದು. ಕರ್ನಾಟಕಕ್ಕೆ ಸುಮಾರು 4 ಕೋಟಿ ಜನರ ಮಿತಿ ಬಂದದ್ದು 2011ರ ಲೆಕ್ಕದಿಂದ. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲಿಲ್ಲ. 2011ರ ಆಮೇಲೆ ಹುಟ್ಟಿ ಈಗ ಹೈಸ್ಕೂಲಿಗೆ ಹೋಗುವ ಹುಡುಗಿ ಆ ಮಿತಿಯನ್ನು ಕಟ್ಟಿದಾಗ ಲೆಕ್ಕದಲ್ಲೇ ಇರಲಿಲ್ಲ. ಗ್ರಾಮ ಪಂಚಾಯಿತಿಯಲ್ಲೂ ನಾನೂರು ಜನಕ್ಕೊಬ್ಬ ಸದಸ್ಯ ಎಂಬ ನಿಯಮ. ಆ ನಾನೂರನ್ನು ಎಣಿಸುವುದೂ ಗಣತಿಯಿಂದಲೇ. 2002ರಲ್ಲಿ ನಂಜುಂಡಪ್ಪ ಸಮಿತಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದ 39ರ ಸಾಲಿಗೆ ಸೇರಿಸಿತು. ಅದು 35 ಅಳತೆಗೋಲುಗಳಿಂದ ಲೆಕ್ಕ ಹಾಕಿತು. ಜನಸಂಖ್ಯೆ ಗೊತ್ತಿಲ್ಲದೆ ಅಂಥ ಅಳತೆ ಸಾಧ್ಯವೇ ಇಲ್ಲ.

ಮತದಾರರ ಪಟ್ಟಿಯನ್ನು ಇದರೊಡನೆ ಗೊಂದಲ ಮಾಡಿಕೊಳ್ಳಬೇಡಿ. 2023ರ ವಿಧಾನಸಭಾ ಚುನಾವಣೆಯ ಮುಂಚೆ ಆಳಂದದಲ್ಲಿ ಹೆಸರು ತೆಗೆಯಲು 6,018 ಆನ್‌ಲೈನ್ ಅರ್ಜಿಗಳು ಬಂದು, ತನಿಖೆಯಲ್ಲಿ 24 ಮಾತ್ರ ಸರಿಯೆಂದು ಕಂಡದ್ದು ನಿಮಗೆ ಗೊತ್ತೇ ಇದೆ. ಆ ಪಟ್ಟಿಯಲ್ಲಿ ಒಬ್ಬೊಬ್ಬರ ಹೆಸರೂ ಬಹಿರಂಗವಾಗಿರುತ್ತದೆ. ಗಣತಿಯ ಪುಸ್ತಕದಲ್ಲಿ ಯಾರ ಹೆಸರೂ ಇರದು, ಒಟ್ಟು ಅಂಕಿ ಮಾತ್ರ. ಗಣತಿದಾರ ಬರೆದುಕೊಂಡ ಕಾಗದವನ್ನು ಯಾರೂ ತೆರೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷಿಯಾಗಿ ತರುವಂತಿಲ್ಲ ಎಂದು ಕಾಯ್ದೆಯ 15ನೆಯ ಕಲಮು ಹೇಳುತ್ತದೆ. ಅಂಗಡಿಯ ಆದಾಯ ತೆರಿಗೆಯವರಿಗೆ ಗೊತ್ತಾದೀತೆಂದು ಮನೆ ಮಂದಿಯ ದುಡಿಮೆ ಮುಚ್ಚಿಡುವ ವ್ಯಾಪಾರಿ ಬಂಧುಗಳು ಇದನ್ನು ಗಮನಿಸಬೇಕು.

ಕಡೆಯದಾಗಿ ಗುಳೆ ಹೋಗುವವರ ವಿಚಾರ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಮನೆಮನೆ ಎಣಿಕೆ ನಡೆಯಿತು. ಆ ಇಪ್ಪತ್ತು ದಿನವೂ ಊರಲ್ಲಿಲ್ಲದವರನ್ನು ಊರಿನ ಲೆಕ್ಕಕ್ಕೆ ಹಿಡಿಯಲಿಲ್ಲ, ಎಲ್ಲಿದ್ದರೋ ಅಲ್ಲಿ ಎಣಿಸಬೇಕೆಂಬುದು ನಿಯಮ. ತೊಗರಿ ರಾಶಿ ಮುಗಿಸಿ ಪುಣೆ, ಮುಂಬಯಿ, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗುವ ಕಾಲವೂ ಅದೇ. ಅಲ್ಲಿಯ ತಗಡಿನ ಶೆಡ್ಡಿಗೆ ಗಣತಿದಾರ ಬರದಿದ್ದರೆ ಆ ಸಂಸಾರ ಎರಡೂ ಕಡೆ ಇಲ್ಲವಾಯಿತು. ಮುಂದಿನ ಗಣತಿಗೆ 2027ರ ಮಾರ್ಚ್ 1ರ ನಡುರಾತ್ರಿಯನ್ನು ಆಧಾರ ಕ್ಷಣವೆಂದು 2025ರ ಜೂನ್ 16ರಂದು ಸರ್ಕಾರ ಪ್ರಕಟಿಸಿತು. ಈ ಸಲ ಜಾತಿಯನ್ನೂ ಕೇಳುತ್ತಾರೆ, ಮೊಬೈಲಿನಲ್ಲಿ ತಾವೇ ಬರೆಸಿಕೊಳ್ಳುವ ಅನುಕೂಲವನ್ನೂ ಇಟ್ಟಿದ್ದಾರೆ. ತಿಂಗಳು ಮತ್ತೆ ಅದೇ ಫೆಬ್ರವರಿ. ಗುಳೆ ಹೋಗುವ ಮನೆಯವರು ಹೋದ ಊರಿನಲ್ಲಿ ಗಣತಿದಾರನನ್ನು ಹುಡುಕಿಕೊಂಡಾದರೂ ಹೋಗಿ ಬರೆಸಬೇಕು. ಇಲ್ಲಿ ಉಳಿಯುವ ಮುದುಕರು, ಮಕ್ಕಳನ್ನು ಬರೆಸುವ ಜವಾಬ್ದಾರಿ ನೆರೆಯವರದು.